ಮೊದಲು ಹಳದಿ, ಆಮೇಲೆ ಬಿಳಿ

ಎಡಗೆನ್ನೆಯ ಮೇಲೆ ಎರಡು ಬೆರಳಗಲ ಕ್ಷೌರ ಬಿಟ್ಟುಹೋಗಿದೆ ಎಂದು ಅವನಿಗೆ ಗೊತ್ತಾದದ್ದು ಬಸ್ಸಿನಲ್ಲಿ ಕೂತು ಕೆನ್ನೆಗೆ ಕೈ ಕೊಟ್ಟ ಮೇಲೆ. ಬೆರಳಿಗೆ ಗರಗರ ತಾಗಿತು. ಇಪ್ಪತ್ತೆರಡು ವರ್ಷದಿಂದ ಅದೇ ಕನ್ನಡಿ, ಅದೇ ಬಲ್ಬು, ಅದೇ ಕ್ರಮ: ಬಲಗೆನ್ನೆ, ಗದ್ದ, ಎಡಗೆನ್ನೆ. ಇವತ್ತು ಕೊನೆಯದು ಅರ್ಧಕ್ಕೇ ನಿಂತಿದೆ. ಬಾಗಿಲಲ್ಲಿ ಊಟದ ಡಬ್ಬಿ ಕೊಡುವಾಗ ಹೆಂಡತಿ ಮುಖ ನೋಡಿದ್ದಳಲ್ಲ, ಯಾಕೆ ಹೇಳಲಿಲ್ಲ? ನೋಡಿಯೂ, ಇವರು ಹೀಗೆ ಬಿಟ್ಟಿದ್ದಾರೆಂದರೆ ಅದಕ್ಕೂ ಏನೋ ಕಾರಣ ಇರಬೇಕು ಎಂದುಕೊಂಡಿರುತ್ತಾಳೆ. ಮದುವೆಯಾದ ಹೊಸತರಲ್ಲಿ ಅವನು ಬಾಗಿಲಿಗೆ ಬೀಗ ಹಾಕುವುದನ್ನು ಮರೆತು ಊರಿಗೆ ಹೊರಟಾಗಲೂ ಅವಳು ಬೀಗ ನೋಡಿದ್ದಳು, ಸುಮ್ಮನಿದ್ದಳು. ಕೇಳಿದ್ದಕ್ಕೆ, "ನೀವು ಮರೀತೀರಾ ಅಂತ ನನಗೆ ಅನಿಸ್ಲೇ ಇಲ್ಲ," ಎಂದಿದ್ದಳು. ಆಗ ಅವನಿಗೆ ಹೆಮ್ಮೆಯೇ ಆಗಿತ್ತು. ಈಗ ಪಕ್ಕದ ಸೀಟಿನವನು ತನ್ನ ಕೆನ್ನೆಯನ್ನೇ ನೋಡುತ್ತಿದ್ದಾನೆ ಎನಿಸಿ ಮುಖ ಕಿಟಕಿಯ ಕಡೆ ತಿರುಗಿಸಿದ. ಪಕ್ಕದವನು ನಿಜಕ್ಕೂ ನಿದ್ದೆ ಮಾಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದೇ ಇರಲಿಲ್ಲ, ಆದರೂ ಕೈ ಕೆನ್ನೆ ಬಿಟ್ಟು ಬರಲೊಲ್ಲದು. ಇನ್ನೊಂದು ಕೈ ಅಂಗಿಯ ಜೇಬನ್ನು ಮುಟ್ಟಿ ನೋಡಿತು. ನಾಲ್ಕಾಗಿ ಮಡಚಿದ ಕಾಗದ ಅಲ್ಲೇ ಇತ್ತು.

ವಿಶ್ವವಿದ್ಯಾಲಯದ ನೋಂದಣಿ ವಿಭಾಗದ ಮೂರನೆಯ ಕಿಟಕಿ ಅವನದು. ಹೆಸರಿಗೆ ಸೂಪರಿಂಟೆಂಡೆಂಟ್, ಮನಸ್ಸು ಮಾಡಿದ್ದರೆ ಒಳಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಸಹಿ ಹಾಕಿಕೊಂಡಿರಬಹುದಿತ್ತು. ಆದರೆ ಸೆಮಿಸ್ಟರಿನ ಮೊದಲ ಎರಡು ವಾರ, ವಿದ್ಯಾರ್ಥಿಗಳು ಒಂದು ಕೋರ್ಸು ಬಿಟ್ಟು ಇನ್ನೊಂದಕ್ಕೆ ಸೇರಲು ಮುಗಿಬೀಳುವ ಆ ಎರಡು ವಾರ, ಅವನು ಕಿಟಕಿಯನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಿಯಮಗಳೆಲ್ಲ ಅವನಿಗೆ ಬಾಯಿಪಾಠ. ಮೊದಲ ಎರಡು ವಾರದಲ್ಲಿ ಬಿಟ್ಟರೆ ಗುರುತೇ ಉಳಿಯದು, ಆ ಕೋರ್ಸಿನ ಬಾಗಿಲನ್ನೇ ನೀನು ತುಳಿದಿರಲಿಲ್ಲ ಎಂಬಂತೆ. ಎಂಟನೆಯ ವಾರದ ತನಕ ಬಿಟ್ಟರೆ ಅಂಕಪಟ್ಟಿಯಲ್ಲಿ 'ಹಿಂದೆ ಸರಿದಿದ್ದಾರೆ' ಎಂಬ ಮಾತು ಜೀವಮಾನವಿಡೀ ಅಂಟಿಕೊಂಡಿರುತ್ತದೆ. ಅದಾದ ಮೇಲೆ ಬ್ರಹ್ಮ ಬಂದರೂ ಬಿಡಲಾಗದು. ಸೇರುವುದಕ್ಕಾದರೆ ಎರಡನೆಯ ಶುಕ್ರವಾರ ಸಂಜೆ ಐದೇ ಗಡುವು. ಐದು ದಾಟಿ ಒಂದು ನಿಮಿಷಕ್ಕೆ ಏದುಸಿರು ಬಿಡುತ್ತ ಬಂದವರ ಮುಖದ ಮೇಲೆಯೇ ಅವನು ಕಿಟಕಿಯ ಹಲಗೆ ಎಳೆಯುತ್ತಿದ್ದ. ಹೀಗಾಗಿ ವಿದ್ಯಾರ್ಥಿಗಳು ಅವನಿಗೆ 'ಗಡುವಪ್ಪ' ಎಂದು ನಾಮಕರಣ ಮಾಡಿದ್ದರು. ಈ ಹೆಸರನ್ನು ಅವನು ಮೊದಲು ಓದಿದ್ದು ಶೌಚಾಲಯದ ಗೋಡೆಯ ಮೇಲೆ. ಮೇಲುನೋಟಕ್ಕೆ ಸಿಡುಕಿ, ಅಟೆಂಡರನ ಕೈಲಿ ಸುಣ್ಣ ಹೊಡೆಸಿದ್ದ. ಒಳಗೊಳಗೇ ಸಂತೋಷಪಟ್ಟಿದ್ದ. ಹೆಸರಿಡಿಸಿಕೊಳ್ಳಲೂ ಯೋಗ್ಯತೆ ಬೇಕಲ್ಲ, ಗುಮಾಸ್ತರಲ್ಲಿ ಎಷ್ಟು ಜನಕ್ಕೆ ಅಡ್ಡಹೆಸರಿದೆ?

ಇವತ್ತು ಮೂರು ಗಂಟೆಗೆ ಅರ್ಜಿ ಸಮಿತಿ. ಗಡುವು ಮೀರಿದವರು, ನಿಯಮಕ್ಕೆ ಸಿಕ್ಕಿ ಒದ್ದಾಡುವವರು ಕೊನೆಯದಾಗಿ ಬೇಡಿಕೊಳ್ಳುವ ಜಾಗ ಅದು. ನಾಲ್ಕು ಅರ್ಜಿ ಇವೆ. ನಾಲ್ಕನೆಯದು ಎರಡನೆಯ ವರ್ಷದ ಒಬ್ಬ ಹುಡುಗಿಯದು. ಅದರ ಕೆಳಗೆ 'ಕಚೇರಿಯ ಅಭಿಪ್ರಾಯ' ಎಂಬ ಅಂಕಣ ಖಾಲಿಯಿದೆ. ಮಧ್ಯಾಹ್ನದೊಳಗೆ ಅವನು ತುಂಬಬೇಕು. ಅಲ್ಲಿ ಒಂದೇ ಒಂದು ಸಾಲು, 'ಇದು ಕಚೇರಿಯ ತಪ್ಪು' ಎಂದು ಬರೆದರೆ ಹುಡುಗಿ ಉಳಿಯುತ್ತಾಳೆ. ಬರೆಯದಿದ್ದರೆ ನಾಳೆಯೊಳಗೆ ಹಾಸ್ಟೆಲ್ ಕೋಣೆ ಖಾಲಿ ಮಾಡಬೇಕು, ಸೆಮಿಸ್ಟರ್ ಹೋಯಿತು. ಸೆಮಿಸ್ಟರ್ ಹೋದರೆ ಓದೇ ಹೋದಂತೆ, ಯಾಕೆಂದರೆ ಅವಳ ಅಣ್ಣ ಕಳಿಸುವಾಗಲೇ ಹೇಳಿದ್ದನಂತೆ: ಒಂದು ಸಲ ಎಡವಿದರೂ ಸಾಕು, ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಾ. ಇದನ್ನೆಲ್ಲ ಅವಳು ಅರ್ಜಿಯಲ್ಲಿ ಬರೆದಿರಲಿಲ್ಲ. ಕಿಟಕಿಯಲ್ಲಿ ನಿಂತು ಅವನಿಗೆ ಹೇಳಿದ್ದಳು.

ಆ ಶುಕ್ರವಾರವನ್ನು ಅವನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದನೋ. ಕೋರ್ಸು ಸೇರುವುದಕ್ಕೆ ಹಳದಿ ಚೀಟಿ, ಬಿಡುವುದಕ್ಕೆ ಬಿಳಿ ಚೀಟಿ. ಎರಡೂ ಒಟ್ಟಿಗೆ ಬಂದರೆ ಮೊದಲು ಹಳದಿ, ಆಮೇಲೆ ಬಿಳಿ. ಯಾಕೆಂದರೆ ಯಾರೊಬ್ಬರ ಲೆಕ್ಕವೂ ಒಂದು ಗಳಿಗೆಯ ಮಟ್ಟಿಗೂ ಹನ್ನೆರಡು ಕ್ರೆಡಿಟ್ಟಿಗಿಂತ, ಅಂದರೆ ನಾಲ್ಕು ಕೋರ್ಸಿಗಿಂತ, ಕೆಳಗಿಳಿಯಬಾರದು; ಇಳಿದರೆ ಕಂಪ್ಯೂಟರು ಆ ವಿದ್ಯಾರ್ಥಿ ಪೂರ್ಣಾವಧಿಯವನಲ್ಲ ಎಂದು ತೀರ್ಮಾನಿಸಿ ಹೆಸರಿಗೆ ಬೀಗ ಜಡಿಯುತ್ತದೆ, ಆಮೇಲೆ ಹಳದಿ ಚೀಟಿಯನ್ನು ಮೂಸಿಯೂ ನೋಡುವುದಿಲ್ಲ. ಅಂಥವರಿಗೆ ಸೆಮಿಸ್ಟರೂ ಇಲ್ಲ, ಹಾಸ್ಟೆಲೂ ಇಲ್ಲ. ವಿದ್ಯಾರ್ಥಿಗಳು ಹೇಗೇ ಪಿನ್ನು ಮಾಡಿಕೊಟ್ಟಿರಲಿ, ಹಳದಿಯನ್ನೇ ಮೊದಲು ನಮೂದಿಸುವುದು ಕಚೇರಿಯ ಹೊಣೆ. ಈ ಮಾತು ಕಚೇರಿಯ ಕೈಪಿಡಿಯಲ್ಲಿದೆ. ಹನ್ನೊಂದು ವರ್ಷದ ಹಿಂದೆ ಅದನ್ನು ಬರೆದವನು ಅವನೇ. ಆ ಕೈಪಿಡಿಯನ್ನು ಅವನ ಹೊರತು ಯಾರೂ ಓದಿದಂತಿಲ್ಲ.

ತಟ್ಟೆಯಲ್ಲಿ ಚೀಟಿಗಳು ಒಂದರ ಮೇಲೊಂದು ಬೀಳುತ್ತವೆ, ಕೊನೆಗೆ ಬಂದದ್ದು ಮೇಲೆ. ಮೇಲಿನಿಂದ ತೆಗೆದರೆ ಬೆಳಿಗ್ಗೆ ಬಂದು ಕಾದವನಿಗೆ ಅನ್ಯಾಯ, ಕೊನೆಯಲ್ಲಿ ಓಡಿಬಂದವನಿಗೆ ಸೀಟು. ಅದಕ್ಕೇ ಅವನು ಇಡೀ ಕಟ್ಟನ್ನು ಬೋರಲು ಹಾಕಿ, ಮೊದಲು ಬಂದವರದನ್ನು ಮೊದಲು ತೆಗೆಯುತ್ತಿದ್ದ. ಬೇರೆ ಯಾವ ಗುಮಾಸ್ತನೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜೋಡಿ ಚೀಟಿಗಳ ಗುಂಡುಸೂಜಿಯನ್ನು ಆಗಿಂದಾಗ್ಗೆ, ಒಂದೊಂದನ್ನೇ ಕೈಗೆತ್ತಿಕೊಂಡ ಮೇಲೆ ತೆಗೆಯುವುದು ಅವನ ಪದ್ಧತಿ. ಆ ಶುಕ್ರವಾರ ಮಾತ್ರ ಹೊಸ ಅಧಿಕಾರಿ ಮೇಡಂ ಹಿಂದೆ ಬಂದು ನಿಂತಿದ್ದರು. ವಯಸ್ಸು ಅವನ ಅರ್ಧ, ಮಾತು ಮಾತ್ರ ಮೆತ್ತಗೆ. "ಸರ್, ಇನ್ನೂ ಒಂದೊಂದೇ ಪಿನ್ ತೆಗೀತಾ ಕೂತ್ರೆ ಇವತ್ತು ಮುಗಿಯುತ್ತಾ? ನಾನು ಬೇಕಿದ್ರೆ ಪಕ್ಕದಲ್ಲಿ ಕೂತ್ಕೊಳ್ಲಾ?" ಅಂದರು. ಪಕ್ಕದ ಕಿಟಕಿಯವನು ಕಿಸಕ್ಕನೆ ನಕ್ಕ. ಕಿವಿ ಬಿಸಿಯಾಯಿತು. "ಬೇಡ ಮೇಡಂ," ಎಂದವನು ಎಲ್ಲ ಗುಂಡುಸೂಜಿಗಳನ್ನೂ ಒಂದೇ ಉಸಿರಿಗೆ ಕಿತ್ತು ಡಬ್ಬಿಗೆ ಹಾಕಿದ, ಕಟ್ಟನ್ನು ಬೋರಲು ಹಾಕಿದ, ಒಂದೊಂದೇ ಹಾಳೆ ಎತ್ತುತ್ತ ಬೆರಳು ಓಡಿಸತೊಡಗಿದ. ಕಟ್ಟು ತಿರುಗಿದಾಗ ಪ್ರತಿ ಜೋಡಿಯಲ್ಲೂ ಅಡಿಯಲ್ಲಿದ್ದ ಬಿಳಿ ಮೇಲೆ ಬಂದಿತ್ತು. ಉಳಿದವರ ಬಳಿ ಹದಿನೈದೋ ಹದಿನೆಂಟೋ ಕ್ರೆಡಿಟ್ಟಿದ್ದವು, ಹಿಂದುಮುಂದಾದರೂ ಏನೂ ಆಗಲಿಲ್ಲ. ಈ ಹುಡುಗಿಯ ಬಳಿ ಸರಿಯಾಗಿ ಹನ್ನೆರಡಿದ್ದವು. ಸಂಖ್ಯಾಶಾಸ್ತ್ರ ಬಿಟ್ಟಳು, ಒಂಬತ್ತಕ್ಕೆ ಇಳಿದಳು, ಬೀಗ ಬಿತ್ತು. ಹಿಂದೆಯೇ ಬಂದ ಅವಳ ಹಳದಿ ಚೀಟಿಯನ್ನು ಕಂಪ್ಯೂಟರು ಒಲ್ಲೆ ಎಂದಾಗ ಅವನು ಹೆಸರು ಕೂಡ ನೋಡದೆ ತಿರಸ್ಕೃತ ತಟ್ಟೆಗೆ ಎಸೆದ. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಕೆಲಸ ಮುಗಿದಿತ್ತು. ಮೇಡಂ ಬಂದು, "ನೋಡಿದ್ರಾ ಸರ್, ಆಗುತ್ತೆ," ಎಂದರು. ಅವನು ನಾಚಿಕೆಯಿಲ್ಲದೆ ಹಿಗ್ಗಿದ್ದ.

ಕಚೇರಿಯ ಮೆಟ್ಟಿಲು ಹತ್ತುವಾಗ ಕಾರಿಡಾರಿನ ಬೆಂಚಿನ ಮೇಲೆ ಹುಡುಗಿ ಆಗಲೇ ಕೂತಿದ್ದಳು. ಸಮಿತಿ ಇರುವುದು ಮೂರಕ್ಕೆ, ಈಗ ಹತ್ತೂ ಆಗಿಲ್ಲ. ಅವನನ್ನು ಕಂಡು ಎದ್ದು ನಿಂತಳು. ತೊಡೆಯ ಮೇಲಿದ್ದ ಪುಸ್ತಕ ಜಾರಿ ಬಿತ್ತು. ಭೂಗರ್ಭಶಾಸ್ತ್ರದ ಪುಸ್ತಕ, ಸೇರಲು ಬಯಸಿದ್ದ ಕೋರ್ಸಿನದು, ಸೇರದೆಯೇ ಓದುತ್ತಿದ್ದಾಳೆ. "ನಮಸ್ಕಾರ ಸರ್. ಇವತ್ತೇ ಅಲ್ವಾ?" ಎಂದಳು. "ಇವತ್ತೇ. ಕೂತ್ಕೋಮ್ಮ, ಈಗಲೇ ಯಾಕೆ ಬಂದೆ?" ಎಂದ. "ಕೋಣೇಲಿ ಕೂರೋಕಾಗ್ಲಿಲ್ಲ ಸರ್. ವಾರ್ಡನ್ ಬಂದು ಬಂದು ಮಂಚ ನೋಡಿ ಹೋಗ್ತಾರೆ, ಮುಂದಿನವಳಿಗೆ ಕೊಡ್ಬೇಕಂತೆ." ಹೇಳಿ ನಗಲು ನೋಡಿದಳು. ಅವನು ಕೆನ್ನೆಗೆ ಕೈ ಅಡ್ಡ ಇಟ್ಟುಕೊಂಡು ಒಳಗೆ ಹೋದ.

ಅವಳು ಮೊದಲ ಸಲ ಕಿಟಕಿಗೆ ಬಂದದ್ದು ಆ ಶುಕ್ರವಾರದ ಮುಂದಿನ ಸೋಮವಾರ. "ಸರ್, ನಾನು ಎರಡೂ ಚೀಟಿ ಒಟ್ಟಿಗೇ ಕೊಟ್ಟಿದ್ದೆ," ಎಂದಳು ಅಷ್ಟೆ. ಗುಂಡುಸೂಜಿಯ ಡಬ್ಬಿ, ಬೋರಲು ಹಾಕಿದ ಕಟ್ಟು, ಒಂದಾದ ಮೇಲೊಂದು ಬಂದ ಬಿಳಿ ಹಾಳೆಗಳು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಅವಳ ಹಿಂದೆ ಹತ್ತು ಜನರ ಸಾಲು. ಅವನ ಬೆನ್ನ ಹಿಂದೆ ಟೀ ಲೋಟ ಹಿಡಿದು ಮೇಡಂ. ಅವನ ಬಾಯಿ ಅವನ ಅಪ್ಪಣೆ ಕೇಳಲಿಲ್ಲ. "ನೀನು ಬಿಳಿ ಚೀಟಿ ಮೇಲಿಟ್ಟು ಪಿನ್ ಮಾಡಿದ್ದೆ. ಮೇಲಿದ್ದದ್ದು ಮೊದಲು. ಅದು ನಿಯಮ," ಎಂದಿತು. ಹಾಗೊಂದು ನಿಯಮವೇ ಇಲ್ಲ. "ಹೌದಾ ಸರ್? ನಾನು ಹಳದಿ ಮೇಲಿಟ್ಟಿದ್ದೆ ಅನ್ಸುತ್ತೆ..." "ಮತ್ತೆ ನಾನೇನು ಸುಳ್ಳು ಹೇಳ್ತಿದ್ದೀನಾ?" ಅವಳು ಹಣೆ ಗಂಟಿಕ್ಕಿ ಒಂದು ಕ್ಷಣ ನಿಂತಳು. ತನ್ನ ಕೈಗಳನ್ನೇ ನೋಡಿಕೊಂಡಳು, ಆ ಕೈಗಳು ಶುಕ್ರವಾರ ಏನು ಮಾಡಿದವು ಎಂದು ಅವನ್ನೇ ಕೇಳುವಂತೆ. "ಅವಸರದಲ್ಲಿ ಹಾಗೇ ಮಾಡಿಬಿಟ್ಟಿರ್ಬೇಕು ಸರ್," ಎಂದಳು. ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳುತ್ತಾಳೆಂದು ಅವನು ಎಣಿಸಿರಲಿಲ್ಲ. ಸ್ವಲ್ಪ ಜಗಳವಾಡಿದ್ದರೆ, ಗಂಟಲು ಏರಿಸಿದ್ದರೆ, ಅವನು ಸೋಲುತ್ತಿದ್ದನೋ ಏನೋ.

ಸೋಮವಾರ ಸಂಜೆಯವರೆಗೂ ಸಮಯವಿತ್ತು. ಕಚೇರಿಯದೇ ತಪ್ಪಾದರೆ ಮುಂದಿನ ಕೆಲಸದ ದಿನ ಮುಗಿಯುವುದರೊಳಗೆ ಒಂದು ಚೀಟಿ ಬರೆದು ಅಧಿಕಾರಿಗೆ ಕೊಟ್ಟರೆ ಸಾಕು, ಬೀಗ ತೆಗೆಯುತ್ತಾರೆ. ಅವನು ಮೇಡಂ ಬಾಗಿಲಿಗೆ ಎರಡು ಸಲ ಹೋದ. ಮೊದಲನೆಯ ಸಲ ಅವರು ಫೋನಿನಲ್ಲಿದ್ದರು. ಎರಡನೆಯ ಸಲ ತಲೆಯೆತ್ತಿ, "ಏನ್ ಸರ್?" ಎಂದರು. "ಸ್ಟೇಪ್ಲರ್ ಇದೆಯಾ ಮೇಡಂ?" ಎಂದ. ಕೊಟ್ಟರು. ಅದು ಈಗಲೂ ಅವನ ಮೇಜಿನ ಮೇಲೆ ಬಿದ್ದಿದೆ. ವಾಪಸು ಕೊಡಬೇಕೆಂದರೆ ಮತ್ತೆ ಆ ಬಾಗಿಲಿಗೆ ಹೋಗಬೇಕು.

ಈಗ ಮೇಜಿನ ಮುಂದೆ ಕೂತು ನಾಲ್ಕನೆಯ ಅರ್ಜಿ ಬಿಡಿಸಿದ. ಮುದ್ದಾದ ಅಕ್ಷರ. 'ನನ್ನ ಅಜಾಗರೂಕತೆಯಿಂದ ಚೀಟಿಗಳನ್ನು ತಪ್ಪು ಕ್ರಮದಲ್ಲಿ ಲಗತ್ತಿಸಿದ್ದೆ. ಇದು ಸಂಪೂರ್ಣವಾಗಿ ನನ್ನದೇ ತಪ್ಪು.' ಈ ಸಾಲನ್ನು ಬರೆಸಿದವನೂ ಅವನೇ. ಕಳೆದ ವಾರ ಅವಳು ಅರ್ಜಿ ಹೇಗೆ ಬರೆಯಬೇಕೆಂದು ಕೇಳಿದಾಗ ಅವನಿಗೆ ಎಲ್ಲಿಲ್ಲದ ಕರುಣೆ ಬಂದಿತ್ತು. ಕಿಟಕಿಯಿಂದ ಎದ್ದು ಹೊರಗೆ ಬಂದು, ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದ: "ತಪ್ಪು ನಂದೇ ಅಂತ ಒಪ್ಕೊಂಡುಬಿಡಮ್ಮ. ಒಪ್ಕೊಂಡೋರನ್ನ ಕಂಡ್ರೆ ಸಮಿತಿಯವರ ಮನಸ್ಸು ಕರಗುತ್ತೆ." ಇಪ್ಪತ್ತೆರಡು ವರ್ಷದಲ್ಲಿ ಅವನು ಯಾವ ವಿದ್ಯಾರ್ಥಿಗೂ ಹಾಗೆ ಪಕ್ಕದಲ್ಲಿ ಕೂತು ಹೇಳಿಕೊಟ್ಟಿರಲಿಲ್ಲ. ಹೇಳುವಾಗ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನಂಬಿದ್ದನೇ? ಅರ್ಧ ನಂಬಿದ್ದ. ಇನ್ನರ್ಧದಲ್ಲಿ ಏನಿತ್ತು ಎಂಬುದನ್ನು ಅವನು ಕೆದಕಲು ಹೋಗಲಿಲ್ಲ, ಕೆದಕದೆಯೇ ಅದು ನಾರುತ್ತಿತ್ತು.

ತಂಗಿ ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಹೋದ ಭಾನುವಾರ ಅವಳ ಮಗಳ ಕೈಲಿ ಹೊಸ ಫೋನು ಬಿದ್ದು ಒಡೆಯಿತಂತೆ, ಅದರ ಕಥೆ. "ಬಯ್ಯೋಕೆ ಹೋದೆ ಅಣ್ಣ, ಆಮೇಲೆ ನಾನು ಅಮ್ಮನ ಹೊಲಿಗೆ ಮೆಷಿನ್ ಮುರಿದದ್ದು ನೆನಪಾಗಿ ನಗು ಬಂದ್ಬಿಡ್ತು. ಅಪ್ಪ ಹ್ಯಾಗೆ ಹೊಡೆದಿದ್ರು ಅಲ್ವಾ? ನಾನಾದ್ರೂ ಎಂಥಾ ತುಂಟಿ, ಚಕ್ರ ಹಿಂದಕ್ಕೆ ಹಿಂದಕ್ಕೆ ತಿರುಗಿಸ್ತಿದ್ದೆ!" ಎಂದು ನಕ್ಕಳು. ಚಕ್ರ ತಿರುಗಿಸಿದವನು ಅವನು. ಅವನಿಗೆ ಹನ್ನೊಂದು, ಅವಳಿಗೆ ಆರು. ಒಳಗೇನೋ ಕಟ್ಟೆಂದು ಮುರಿದಾಗ ಅವನು ಮೆಲ್ಲಗೆ ಹಿತ್ತಲಿಗೆ ಹೋಗಿ ಕೈಕಾಲು ತೊಳೆಯುತ್ತ ನಿಂತ. ಅವಳು ಬಟ್ಟೆಯ ಚೂರುಗಳೊಂದಿಗೆ ಮೆಷಿನ್ ಪಕ್ಕದಲ್ಲಿ ಆಡುತ್ತ ಕೂತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಪ್ಪ ಮೊದಲ ಏಟಿಗೆ ಕೇಳಿದಾಗ ಅವಳು 'ಇಲ್ಲ' ಎಂದಳು, ನಾಲ್ಕನೆಯ ಏಟಿಗೆ 'ಹೌದು' ಎಂದಳು. ಆ 'ಹೌದು' ಅವಳೊಳಗೆ ಕೂತು, ಬೇರು ಬಿಟ್ಟು, ನಲವತ್ತಾರು ವರ್ಷಕ್ಕೆ ಸ್ವಂತ ನೆನಪೇ ಆಗಿಬಿಟ್ಟಿದೆ. ಚಕ್ರದ ತಣ್ಣನೆಯ ಅಂಚು ಅಂಗೈಗೆ ಹೇಗಿತ್ತು ಎಂದು ಕೂಡ ಹೇಳುತ್ತಾಳೆ. ಅವನು ಫೋನು ಹಿಡಿದು, "ಹೂಂ, ತುಂಟಿನೇ ಬಿಡು ನೀನು," ಎಂದ. ಎಂದು ನಕ್ಕ. ನಗುವುದನ್ನೂ ಕಲಿತಿದ್ದಾನೆ.

ಹನ್ನೆರಡೂವರೆಗೆ ಮುದುಕ ಅಟೆಂಡರ್ ಕಡತ ಒಯ್ಯಲು ಬಂದು ನಿಂತ. "ಸಾರ್, ಮೂರಕ್ಕೆ ಡೀನ್ ಸಾಹೇಬ್ರು ಬರ್ತಾರೆ, ಕಡತ ಈಗ್ಲೇ ಮೇಜಿನ ಮೇಲಿರ್ಬೇಕಂತೆ." ಅವನು ಪೆನ್ನು ತೆರೆದ. ಜೇಬಿನಲ್ಲಿದ್ದ ಕಾಗದ ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಕಂಪ್ಯೂಟರಿನಿಂದ ಅವನೇ ಮುದ್ರಿಸಿಕೊಂಡದ್ದು. ಅದರಲ್ಲಿ ಅವನ ಸಿಬ್ಬಂದಿ ಸಂಖ್ಯೆ, ಹುಡುಗಿಯ ಹೆಸರು, ಬಿಳಿ ಚೀಟಿ ನಾಲ್ಕು ನಲವತ್ತೊಂದಕ್ಕೆ, ಹಳದಿ ಚೀಟಿ ನಾಲ್ಕು ನಲವತ್ತೆರಡಕ್ಕೆ. ಕೆಳಗೆ ಕೈಪಿಡಿಯ ಆ ನಿಯಮವನ್ನೂ ಅವನೇ ಕೈಯಿಂದ ಬರೆದಿದ್ದ. ಕಡತದೊಳಗೆ ಅದನ್ನು ಸೇರಿಸಿಬಿಟ್ಟರೆ ಒಂದು ಮಾತೂ ಆಡಬೇಕಿಲ್ಲ. ಮೇಡಂ ಓದುತ್ತಾರೆ. ಪಕ್ಕದ ಕಿಟಕಿಯವನು ಓದುತ್ತಾನೆ. ಗೋಡೆಯ ಮೇಲೆ ಇನ್ನೊಂದು ಹೆಸರು ಬರುತ್ತದೆ. ಮೂರು ವರ್ಷದಲ್ಲಿ ನಿವೃತ್ತಿ; ಬೀಳ್ಕೊಡುಗೆಯ ದಿನ 'ಒಂದೇ ಒಂದು ತಪ್ಪಿಲ್ಲದ ಸೇವೆ' ಎಂದು ಯಾರೋ ಹೇಳಬೇಕು, ಹೇಳುವವನ ಬಾಯಿ ಆಗ ತಡವರಿಸುತ್ತದೆ. ಒಬ್ಬ ಹುಡುಗಿಯ ಓದಿನ ಎದುರಿಗೆ ತಾನು ತೂಗುತ್ತಿರುವುದು ಇನ್ನೂ ಯಾರೂ ಆಡದ ಒಂದು ಮಾತನ್ನು ಎಂದು ಹೊಳೆದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದರೂ ಕೈ ಬರೆದದ್ದು ಇಷ್ಟು: 'ಸಹಾನುಭೂತಿಯಿಂದ ಪರಿಶೀಲಿಸಬಹುದು.' ಹಾವೂ ಸಾಯದ, ಕೋಲೂ ಮುರಿಯದ ಸಾಲು. ಅಟೆಂಡರ್ ಕಡತ ಎತ್ತಿಕೊಂಡು ಹೋದ.

ಊಟದ ಡಬ್ಬಿ ಬಿಚ್ಚಿದ, ಮುಚ್ಚಿದ. ಶೌಚಾಲಯದ ಕನ್ನಡಿಯಲ್ಲಿ ಕೆನ್ನೆ ನೋಡಿಕೊಂಡ. ಬೆಳಿಗ್ಗೆಗಿಂತ ಕಪ್ಪಾಗಿತ್ತು. ಸಮಿತಿಯಲ್ಲಿ ಬಾಯಿಬಿಟ್ಟು ಹೇಳಿಬಿಡುತ್ತೇನೆ ಎಂದು ಕನ್ನಡಿಯವನಿಗೆ ಮಾತು ಕೊಟ್ಟ. ಕೊಟ್ಟ ಮೇಲೆ ಸ್ವಲ್ಪ ಹಗುರವಾಯಿತು. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ, ಎರಡು ಸಲ ತುಟಿ ಅಲ್ಲಾಡಿಸಿ ನೋಡಿದ. ಯಾರೋ ಒಳಗೆ ಬಂದರು. ನಲ್ಲಿ ತಿರುಗಿಸಿ ಕೈ ತೊಳೆದುಕೊಳ್ಳುತ್ತ ನಿಂತ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಆರು ಕುರ್ಚಿ, ಸದ್ದು ಮಾಡುವ ಫ್ಯಾನು. ಡೀನ್ ಸಾಹೇಬರು ನಡುವೆ. ಎಡಕ್ಕೆ ಇತಿಹಾಸದ ಪ್ರೊಫೆಸರು, ಕನ್ನಡಕ ಒರೆಸುವುದರಲ್ಲೇ ಮಗ್ನರು. ಬಲಕ್ಕೆ ರಸಾಯನಶಾಸ್ತ್ರದ ಪ್ರೊಫೆಸರು, ನರೆಗೂದಲಿನ ಗಂಭೀರ ಹೆಂಗಸು. ತುದಿಯಲ್ಲಿ ಗೊತ್ತುವಳಿ ಪುಸ್ತಕದ ಜೊತೆ ಅವನು. ಮೊದಲ ಮೂರು ಅರ್ಜಿ ಕಾಲು ಗಂಟೆಯಲ್ಲಿ ಮುಗಿದವು, ಮೂರೂ ತಿರಸ್ಕೃತ. ಒಬ್ಬ ಗಡುವಿನ ದಿನ ನಿದ್ದೆಹೋಗಿದ್ದ, ಇನ್ನೊಬ್ಬ ಕ್ಯಾಲೆಂಡರ್ ತಪ್ಪು ಓದಿದ್ದ. ಮೂರನೆಯವನಿಗೆ ಕಾರಣವೇ ಇರಲಿಲ್ಲ. ಡೀನ್ ಸಾಹೇಬರು ನಾಲ್ಕನೆಯದನ್ನು ಗಟ್ಟಿಯಾಗಿ ಓದಿದರು. "ಸಂಪೂರ್ಣವಾಗಿ ನನ್ನದೇ ತಪ್ಪು... ಪಾಪ, ಒಪ್ಕೊಂಡಿದ್ದಾಳೆ. ಅವಳೇ ಒಪ್ಕೊಂಡ ಮೇಲೆ ನಾವಾದ್ರೂ ಏನು ಮಾಡೋಕಾಗುತ್ತೆ? ತಪ್ಪು ಅವಳದಲ್ಲ ಅಂದಿದ್ರೆ ವಿಚಾರಿಸಬಹುದಿತ್ತು." ಅವನ ಕಿವಿಯಲ್ಲಿ ಫ್ಯಾನಿನ ಸದ್ದು ದೊಡ್ಡದಾಯಿತು. "ಏನ್ರೀ ಇದು, ಸಹಾನುಭೂತಿಯಿಂದ ಪರಿಶೀಲಿಸಬಹುದು ಅಂತ ಬರೆದಿದ್ದೀರಿ? ನಿಮ್ಮ ಪೆನ್ನಿಂದ ಈ ಶಬ್ದ ಬಂದದ್ದು ನಾನು ನೋಡೇ ಇಲ್ಲ." ಇತಿಹಾಸದವರು ಕನ್ನಡಕ ಹಾಕಿಕೊಂಡು ನೋಡಿ ನಕ್ಕರು.

"ತಪ್ಪು ಅವಳದಲ್ಲ ಸರ್," ಎಂದ. ದನಿ ತನ್ನದಲ್ಲ ಎನಿಸಿತು. "ತಪ್ಪು ನಂದು. ನಾನೇ ಬಿಳಿ ಚೀಟಿ ಮೊದ್ಲು ಹಾಕಿಬಿಟ್ಟೆ."

ಟೀ ಹಂಚುತ್ತಿದ್ದ ಮುದುಕ ಅಟೆಂಡರ್ ಲೋಟ ಹಿಡಿದು ನಿಂತುಬಿಟ್ಟ. ಡೀನ್ ಸಾಹೇಬರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಬೈಯುತ್ತಾರೆ ಎಂದು ಅವನು ಕಾದ. ಆ ಬೈಗುಳಕ್ಕಾಗಿ ಅವನ ಮೈಯೆಲ್ಲ ಹಸಿದಿತ್ತು. ಆದರೆ ಅವರ ಮುಖ ಮೆತ್ತಗಾಯಿತು. "ಕೂತ್ಕೊಳ್ರೀ," ಎಂದರು. ಅವನು ಯಾವಾಗ ಎದ್ದು ನಿಂತಿದ್ದನೋ ಅವನಿಗೇ ಗೊತ್ತಿರಲಿಲ್ಲ. "ನಿಮ್ಮದು ದೊಡ್ಡ ಮನಸ್ಸು. ಆ ಹುಡುಗಿ ಬೆಳಿಗ್ಗೆಯಿಂದ ಅಲ್ಲಿ ಬೆಂಚಿನ ಮೇಲೆ ಕೂತಿರೋದು ನಾನೂ ನೋಡ್ದೆ. ಮಗಳ ವಯಸ್ಸು, ಕರುಳು ಚುರುಕ್ ಅನ್ನುತ್ತೆ. ಹಾಗಂತ ಇಷ್ಟು ವರ್ಷದ ಹೆಸರಿಗೆ ನೀವೇ ಮಸಿ ಬಳ್ಕೋತೀರಾ?" "ಇಲ್ಲ ಸರ್, ನಿಜವಾಗ್ಲೂ..." "ಗಡುವಪ್ಪ ತಪ್ಪು ಮಾಡೋದುಂಟಾ?" ಎಂದರು ಇತಿಹಾಸದವರು. ಅಡ್ಡಹೆಸರು ಎದುರಿಗೇ ಬಾಯಿಂದ ಜಾರಿದ್ದಕ್ಕೆ ನಾಲಿಗೆ ಕಚ್ಚಿಕೊಂಡರು. ಎಲ್ಲರೂ ನಕ್ಕರು. ಅವನ ಮುಖದ ಸ್ನಾಯುಗಳೂ ಏನೋ ಮಾಡಿದವು, ನೋಡಿದವರಿಗೆ ನಗುವಂತೆಯೇ ಕಂಡಿರಬೇಕು.

ರಸಾಯನಶಾಸ್ತ್ರದವರು ಮಾತ್ರ ನಗಲಿಲ್ಲ. ಅವನ ಕಡೆಗೇ ಬಾಗಿ ಕೇಳಿದರು: "ಒಂದು ನಿಮಿಷ. ಅವರು ಹೇಳ್ತಿರೋದು ನಿಜ ಇದ್ರೆ? ಯಾವುದು ಮೊದ್ಲು ಹಾಕಿದ್ದು, ಎಷ್ಟು ಗಂಟೆಗೆ, ಎಲ್ಲ ಕಂಪ್ಯೂಟರಲ್ಲಿ ಇರುತ್ತಲ್ಲ. ಅಂಥ ದಾಖಲೆ ಏನಾದ್ರೂ ಇದೆಯಾ ನಿಮ್ಮ ಹತ್ರ?"

ಅವರು ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು, ಪಕ್ಕಕ್ಕೆ ಸರಿದು ನಿಂತಂತಿತ್ತು. ಕಾಗದ ಎದೆಯ ಮೇಲೇ ಇತ್ತು, ಉಸಿರೆಳೆದಾಗ ಅದರ ಮಡಿಕೆಯ ಮೂಲೆ ಚುಚ್ಚುತ್ತಿತ್ತು. ಕೈ ಎತ್ತಿದರೆ ಸಾಕು. ಎತ್ತಿದರೆ ಇವರೆಲ್ಲರ ಕಣ್ಣಲ್ಲಿ ಈಗಷ್ಟೇ ಬಂದಿರುವ ಆ ಮೆದುತನ ಹೋಗುತ್ತದೆ. ಬರೇ ತಪ್ಪಾದರೆ ಕ್ಷಮಿಸಿಯಾರು, ಆದರೆ ಸೋಮವಾರ ಹೇಳಿದ ಸುಳ್ಳು ಹೊರಗೆ ಬರುತ್ತದೆ, ಬೆಂಚಿನ ಮೇಲೆ ಕೂತು ಬರೆಸಿದ ಸಾಲು ಹೊರಗೆ ಬರುತ್ತದೆ. ಒಂದು ಕ್ಷಣದ ಹಿಂದೆ ಬೈಗುಳಕ್ಕೆ ಹಸಿದಿದ್ದವನಿಗೆ ಈಗ ಈ ಮೆದುತನ ರುಚಿ ಹತ್ತಿತ್ತು. ಹೇಳಬೇಕಾದ್ದನ್ನು ಹೇಳಿದ್ದೇನೆ, ನಂಬದಿದ್ದರೆ ನಾನೇನು ಮಾಡಲಿ ಎಂದು ಒಳಗಿನಿಂದ ಯಾರೋ ವಕೀಲಿ ಶುರುಮಾಡಿದ.

"ನೋಡ್ಬೇಕು ಮೇಡಂ," ಎಂದ.

"ನೋಡ್ಬೇಕಂತೆ!" ಡೀನ್ ಸಾಹೇಬರು ಗೆದ್ದವರಂತೆ ಕೈ ಚೆಲ್ಲಿದರು. "ಇಪ್ಪತ್ತೆರಡು ವರ್ಷದಲ್ಲಿ ಇವರು ಕಾಗದ ಇಲ್ದೆ ಈ ಕೋಣೆಗೆ ಬಂದಿದ್ದಾರಾ? ಇದ್ದಿದ್ರೆ ಈಗಾಗಲೇ ನಮ್ಮ ಮುಂದೆ ಇರ್ತಿತ್ತು. ಸುಳ್ಳು ಹೇಳೋಕೂ ಅಭ್ಯಾಸ ಬೇಕು ಕಣ್ರೀ, ನಿಮಗಿಲ್ಲ." ರಸಾಯನಶಾಸ್ತ್ರದವರು ಅವನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆ ನೋಟದ ಎದುರು ಅವನು ಗೊತ್ತುವಳಿ ಪುಸ್ತಕದ ಗೆರೆಗಳನ್ನು ಎಣಿಸುತ್ತ ಕೂತ. ಕೊನೆಗೆ ಅವರೂ ನಿಟ್ಟುಸಿರು ಬಿಟ್ಟು ಪೆನ್ನು ಮುಚ್ಚಿದರು. 'ಅರ್ಜಿದಾರರೇ ತಪ್ಪೊಪ್ಪಿಕೊಂಡಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ' ಎಂದು ಡೀನ್ ಸಾಹೇಬರು ಹೇಳಿದರು, ಅವನು ತನ್ನ ದುಂಡನೆಯ ಅಕ್ಷರದಲ್ಲಿ ಬರೆದ. ಎಲ್ಲಿಯೂ ಚಿತ್ತಾಗಲಿಲ್ಲ.

ನಾಲ್ಕೂವರೆಗೆ ಕಿಟಕಿಗೆ ಮರಳಿದ. ಸಾಲಿನಲ್ಲಿ ಇಬ್ಬರೋ ಮೂವರೋ. ಎರಡನೆಯವಳು ಅವಳು. ಫಲಿತಾಂಶ ಹೇಳುವ ಕೆಲಸವೂ ಅವನದೇ. ಅದಕ್ಕೊಂದು ಅಚ್ಚಿನ ಪತ್ರವಿತ್ತು, ಹೆಸರು ತುಂಬಿ ಕೊಟ್ಟರಾಯಿತು, ಮಾತು ಬೇಕಿಲ್ಲ. ಆದರೆ ಅವಳಿಗೆ ಆಗಲೇ ಗೊತ್ತಾಗಿತ್ತು. ಅಳು ಮುಗಿಸಿ ಮುಖ ತೊಳೆದುಕೊಂಡು ಬಂದಿದ್ದಳು, ಹಣೆಯ ಮೇಲಿನ ಕೂದಲು ಒದ್ದೆಯಾಗಿತ್ತು. ಹಾಸ್ಟೆಲ್ ಕೋಣೆ ಬಿಟ್ಟುಕೊಡುವ ಫಾರಂ ತುಂಬಿಸಿ ತಂದಿದ್ದಳು. ಕಿಟಕಿಯ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದಳು. ಎಲ್ಲ ಸರಿಯಾಗಿತ್ತು. ದಿನಾಂಕ, ಕೋಣೆಯ ಸಂಖ್ಯೆ, ಸಹಿ, ಯಾವುದೂ ತಪ್ಪಿರಲಿಲ್ಲ. ಅವನು ಮುದ್ರೆ ಒತ್ತಿದ.

"ಸರ್," ಎಂದಳು. ಹಿಂದಿನವರಿಗೆ ಕೇಳದಿರಲೆಂದು ಕಿಟಕಿಗೆ ಬಾಯಿ ಹತ್ತಿರ ತಂದಳು. "ಅಟೆಂಡರ್ ತಾತ ಎಲ್ಲಾ ಹೇಳಿದ್ರು. ಒಳಗೆ ನೀವು ಎದ್ದು ನಿಂತು ತಪ್ಪು ನಿಮ್ದೇ ಅಂತ ಹೇಳಿದ್ರಂತೆ. ಅವ್ರು ನಂಬ್ಲಿಲ್ವಂತೆ."

ಅವನು ತಲೆಯೆತ್ತಲಿಲ್ಲ. ಮುದ್ರೆಯನ್ನು ಮಸಿಯ ಡಬ್ಬಿಯ ಮೇಲಿಟ್ಟ, ಎತ್ತಿದ, ಮತ್ತೆ ಇಟ್ಟ. ಈಗ ಹೇಳಬಹುದಾಗಿತ್ತು. ಸಮಿತಿಯಿಲ್ಲ, ಮೇಡಂ ಇಲ್ಲ, ಪುಸ್ತಕವಿಲ್ಲ. ಇವಳೊಬ್ಬಳಿಗಾದರೂ, ನೀನು ಹಳದಿಯನ್ನೇ ಮೇಲಿಟ್ಟಿದ್ದೆ, ನಿನ್ನ ಕೈ ತಪ್ಪಿರಲಿಲ್ಲ ಎಂದು ಹೇಳಿಬಿಟ್ಟರೆ ಅವಳು ಊರಿಗೆ ಅಷ್ಟನ್ನಾದರೂ ಜೊತೆಗೆ ಒಯ್ಯುತ್ತಿದ್ದಳು. ಬಾಯಿ ತೆರೆದ.

"ನಮ್ಮಣ್ಣನಿಗೆ ಹೇಳ್ತೀನಿ 'ಅಲ್ಲೂ ಒಬ್ರು ಒಳ್ಳೇವ್ರು ಇದ್ರು' ಅಂತ," ಎಂದಳು. "ನನ್ನ ಒಂದು ತಪ್ಪಿಗೆ ನಿಮ್ಮ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ಟೆ. ಅಷ್ಟು ಜನರ ಮುಂದೆ. ನನ್ನ ಕ್ಷಮಿಸಿಬಿಡಿ ಸರ್."

ಕಿಟಕಿಯ ಆಚೆ ಅವಳು ಕಾಯುತ್ತ ನಿಂತಿದ್ದಳು. ಅವನು ಉತ್ತರ ಕೊಡದೆ ಅವಳು ಹೋಗುವಂತಿರಲಿಲ್ಲ. ಹಿಂದಿದ್ದವನು ಕೆಮ್ಮಿದ.

"ಇರಲಿ ಬಿಡಮ್ಮ," ಎಂದ ಅವನು.

ಅವಳ ಮುಖ ಎಷ್ಟು ಹಗುರವಾಯಿತೆಂದರೆ ಅವನಿಗೆ ನೋಡಲಾಗಲಿಲ್ಲ. ಕೈ ಮುಗಿದು, ಫಾರಂನ ಪ್ರತಿ ತೆಗೆದುಕೊಂಡು, ಎರಡಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಕಾರಿಡಾರಿನ ಕೊನೆಗೆ ಹೋಗುವವರೆಗೂ ಅವಳು ತಿರುಗಿ ತಿರುಗಿ ಅವನ ಕಡೆ ನೋಡುತ್ತಿದ್ದಳು.